ಬ್ರಯನ್ ‘ನಾನು’ ಅಂದಿದ್ದನಾ?

ಇಂಟರ್ನಲ್ಸ್ ಹಿಂದಿನ ರಾತ್ರಿ. ಓದೋದು ಬಿಟ್ಟು ಉಳಿದದ್ದೆಲ್ಲ ಮಾಡ್ತಿದ್ದೆವು. ಹೇಗೋ ಮಾತು ‘ಹ್ಯಾಚೆಟ್’ಗೆ ಬಂತು. ಗ್ಯಾರಿ ಪಾಲ್ಸನ್ 1987ರಲ್ಲಿ ಬರೆದ ಕಾದಂಬರಿ. ಇಂಗ್ಲಿಷ್ ಮೀಡಿಯಂನ ನಾವು ಮೂವರೂ ಸ್ಕೂಲ್ ಲೈಬ್ರರಿ ಪೀರಿಯಡ್‌ನಲ್ಲಿ ಅದನ್ನ ಓದಿದ್ದೆವು. 13 ವರ್ಷದ ಬ್ರಯನ್ ಕೆನಡಾದಲ್ಲಿರುವ ಅಪ್ಪನ ಹತ್ತಿರ ಪುಟ್ಟ ವಿಮಾನದಲ್ಲಿ ಹೊರಟಿದ್ದಾನೆ. ಪೈಲಟ್‌ಗೆ ಹಾರ್ಟ್ ಅಟ್ಯಾಕ್. ವಿಮಾನ ಸರೋವರಕ್ಕೆ ಬೀಳುತ್ತೆ. ಆಮೇಲೆ 54 ದಿನ ಕಾಡು, ಸೊಳ್ಳೆ, ಅಮ್ಮ ಕೊಟ್ಟಿದ್ದ ಒಂದು ಕೈಗೊಡಲಿ.

ಕಥೆ ಹೇಳೋದು ಯಾರು ಅಂತ ಜಗಳ ಶುರುವಾಯ್ತು. ಬ್ರಯನ್ನೇ, ‘ನಾನು’ ಅಂತಲೇ ಇದೆ ಎಂದು ನಮ್ಮಲ್ಲಿ ಇಬ್ಬರು ಮಸಾಲೆ ದೋಸೆ ಬೆಟ್ ಕಟ್ಟಿದೆವು. ಪುಸ್ತಕ ತೆಗೆದು ನೋಡಿದರೆ ಎಲ್ಲಾ ಕಡೆ ‘ಅವನು’.

ಯಾಕೆ ಹಾಗೆ ತಪ್ಪು ನೆನಪು? ಕ್ಯಾಮೆರಾ ಬ್ರಯನ್ ತಲೆಯೊಳಗೇ ಫಿಕ್ಸ್ ಆಗಿದೆ, ಅದಕ್ಕೆ. ಹುಡುಕೋರು ಎಲ್ಲಿದ್ದಾರೆ, ಮನೇಲಿ ಅಮ್ಮ ಏನು ಮಾಡ್ತಿದ್ದಾಳೆ, ಒಂದೂ ಹೇಳಲ್ಲ. ಒಂದು ವಿಮಾನ ಹತ್ತಿರ ಬಂದು ವಾಪಸ್ ಹೋದಾಗ ಅವನ ಜೊತೆ ನಾವೂ ಸದ್ದು ಕೇಳಿಸಿಕೊಂಡು ಕೂರಬೇಕು. ಕೊನೆಗೆ ಎಮರ್ಜೆನ್ಸಿ ಟ್ರಾನ್ಸ್‌ಮಿಟರ್ ಸಿಗುತ್ತೆ. ಸ್ವಿಚ್ ಒತ್ತುತ್ತಾನೆ, ಕೆಟ್ಟಿದೆ ಅಂದುಕೊಂಡು ಪಕ್ಕಕ್ಕಿಡುತ್ತಾನೆ. ನಾವೂ ಹಾಗೇ ಅಂದುಕೊಂಡೆವು. (ನಮ್ಮಲ್ಲಿ ಒಬ್ಬರು ಇಸಿಇ. ಅವರೂ ಮೋಸ ಹೋಗಿದ್ದರು.) ಅದು ಕೆಲಸ ಮಾಡ್ತಿತ್ತು ಅನ್ನೋದು ಇನ್ನೊಂದು ವಿಮಾನ ಬಂದಿಳಿದ ಮೇಲೇ ತಿಳಿಯೋದು.

‘ನಾನು’ ಅಂದಿದ್ದರೆ ಅವನು ಬದುಕಿ ಬಂದಿದ್ದಾನೆ ಅಂತ ಮೊದಲ ಪುಟದಲ್ಲೇ ಗೊತ್ತಾಗಿಬಿಡ್ತಿತ್ತು. ಇದು ಬೆಟ್ ಗೆದ್ದವರ ವಾದ. ಸರಿ, ಆದರೆ ಅಷ್ಟೇ ಅಲ್ಲ. ಬ್ರಯನ್ ಹತ್ತಿರ ಒಂದು ಗುಟ್ಟಿದೆ. ಡೈವೋರ್ಸ್‌ಗೆ ಮುಂಚೆ ಅಮ್ಮನನ್ನು ಇನ್ನೊಬ್ಬರ ಜೊತೆ ನೋಡಿದ್ದಾನೆ. ಅಪ್ಪನಿಗೆ ಗೊತ್ತಿಲ್ಲ. ಊರಿಗೆ ಬಂದ ಮೇಲೂ ಹೇಳಲ್ಲ. ಅವನೇ ‘ನಾನು’ ಅಂತ ಬರೆದಿದ್ದರೆ, ಬರೆದದ್ದೇ ಹೇಳಿದ ಹಾಗಾಗ್ತಿತ್ತು. ‘ಅವನು’ ಅಂದಿದ್ದಕ್ಕೆ ನಮಗೂ ತಿಳೀತು, ಗುಟ್ಟೂ ಅವನ ಹತ್ತಿರವೇ ಉಳೀತು.

ಇದನ್ನ ಮಾತಾಡುವಾಗ ನಮ್ಮಲ್ಲಿ ಒಬ್ಬರು ಸುಮ್ಮನಾದರು. ಸ್ವಲ್ಪ ಹೊತ್ತಿಗೆ, ‘ನನ್ನ ಫ್ರೆಂಡ್ ಒಬ್ಬ ಇದ್ದ, ಅವನ ಮನೇಲೂ...’ ಅಂತ ಒಂದು ಕಥೆ ಶುರುವಾಯ್ತು. ರಜೆ ಬಂದಾಗೆಲ್ಲ ಬ್ಯಾಗ್ ತುಂಬೋಕೆ ಯಾಕೆ ಅಷ್ಟು ಹೊತ್ತು ಹಿಡೀತಿತ್ತು ಅಂತ, ಒಂದೂವರೆ ವರ್ಷ ಒಂದೇ ರೂಮಲ್ಲಿದ್ದ ನಮಗೆ ಆಗ ಅರ್ಥವಾಯ್ತು. ಆದರೂ ‘ಆಮೇಲೆ ಅವನು ಏನು ಮಾಡಿದ?’ ಅಂತಲೇ ಕೇಳ್ತಾ ಹೋದೆವು. ಬೆಳಗಿನ ಜಾವ ಮೂರರವರೆಗೂ ‘ಅವನು’.

ಇಲ್ಲಿ ‘ನಾವು’ ಅಂತ ಬರೆದಿರೋದೂ ಅದಕ್ಕೇ. ಮೂವರಲ್ಲಿ ಯಾರು ಅಂತ ಕ್ಯಾಂಟೀನಲ್ಲಿ ಹಿಡಿದು ಕೇಳಬೇಡಿ. ದೋಸೆ ಬಾಕಿ ಮಾತ್ರ ಇನ್ನೂ ಹಾಗೇ ಇದೆ.