ತೇಪೆಯ ಬೆಲೆ

ಬಟ್ಟೆ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆ. ಇದು ನಮಗೆಲ್ಲ ಗೊತ್ತಿರುವ ಲೆಕ್ಕ. ಈ ಲೆಕ್ಕವನ್ನು ತಲೆಕೆಳಗು ಮಾಡಿದ ಒಂದು ಉಡುಪಿದೆ. ಅದು ಫ್ರಾನ್ಸಿನ ಕಾರ್ಮಿಕರ ನೀಲಿ ಕೋಟು. ಫ್ರೆಂಚರು ಅದನ್ನು ‘ಬ್ಲೂ ದ ತ್ರವಾಯ್’ ಎನ್ನುತ್ತಾರೆ. ‘ಕೆಲಸದ ನೀಲಿ’ ಎಂದು ಅದರ ಅರ್ಥ. ಒಂದು ಕಾಲಕ್ಕೆ ಹರಿದ ಮೇಲೆ ಯಂತ್ರ ಒರೆಸುವ ಚಿಂದಿಯಾಗುತ್ತಿದ್ದ ಈ ಕೋಟನ್ನು ಇಂದು ಪ್ಯಾರಿಸ್, ಲಂಡನ್, ಟೋಕಿಯೊದ ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಕೋಟಿನಲ್ಲಿ ಆಡಂಬರವೇನೂ ಇಲ್ಲ. ಚಿಕ್ಕ ಕಾಲರು, ಮುಂದೆ ಒಂದು ಸಾಲು ಗುಂಡಿ, ಮೇಲಿನಿಂದ ಹೊಲಿದ ಮೂರು ಜೇಬು. ಮೈಮೇಲಿನ ಅಂಗಿಯ ಮೇಲೆ ಇದನ್ನು ತೊಡಬೇಕಾದ್ದರಿಂದ ಹೊಲಿಗೆ ಸಡಿಲ. ಬಟ್ಟೆ ಒರಟು ಡ್ರಿಲ್ ಅಥವಾ ಮೋಲ್‌ಸ್ಕಿನ್. ಮೋಲ್‌ಸ್ಕಿನ್ ಎಂಬ ಹೆಸರಿನಲ್ಲಷ್ಟೇ ಚರ್ಮವಿದೆ, ವಾಸ್ತವದಲ್ಲಿ ಅದು ಬಹಳ ಒತ್ತಾಗಿ ನೇಯ್ದ ಹತ್ತಿಬಟ್ಟೆ. ಕಾರ್ಖಾನೆಗಳು ಹೆಚ್ಚುತ್ತಿದ್ದ 19ನೆಯ ಶತಮಾನದ ಕೊನೆಯಲ್ಲಿ ಈ ಉಡುಪು ಫ್ರಾನ್ಸಿನಾದ್ಯಂತ ಹರಡಿತು. ಎಣ್ಣೆ, ಮಸಿ ಎದ್ದು ಕಾಣದ ಬಣ್ಣ ಎಂಬ ಕಾರಣಕ್ಕೆ ನೀಲಿ ನೆಲೆನಿಂತಿತು. ಆ ನೀಲಿಗೂ ನಮಗೂ ಹಳೆಯ ನಂಟಿದೆ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತರುವ ತನಕ ಯುರೋಪಿಗೆ ಬೇಕಾದ ನೀಲಿಯ ದೊಡ್ಡ ಪಾಲು ಹೋಗುತ್ತಿದ್ದುದು ಭಾರತದಿಂದ. ನೀಲಿ ಬೆಳೆಯೆಂದು ಹಿಂಸಿಸುತ್ತಿದ್ದ ತೋಟಗಾರರ ವಿರುದ್ಧ ಬಂಗಾಳದ ರೈತರು 1859ರಲ್ಲಿ ದಂಗೆಯೆದ್ದಿದ್ದರು. ಕೋಟಾಗುವ ಮೊದಲೇ ಆ ಬಣ್ಣಕ್ಕೆ ಬೆವರಿನ ಚರಿತ್ರೆಯಿತ್ತು.

2019ರಲ್ಲಿ ಕೆಲಸದ ನಿಮಿತ್ತ ಎರಡು ವಾರ ಪ್ಯಾರಿಸ್‌ನಲ್ಲಿದ್ದಾಗ ಒಂದು ಭಾನುವಾರ ನಗರದ ಉತ್ತರದಲ್ಲಿರುವ ಸೇಂತ್ ವೇನ್‌ನ ಹಳೆ ಸಾಮಾನಿನ ಸಂತೆಗೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ಇಂತಹ ಎರಡು ಕೋಟುಗಳು ಅಕ್ಕಪಕ್ಕ ತೂಗುತ್ತಿದ್ದವು. ಒಂದು ಅಚ್ಚುಕಟ್ಟಾಗಿತ್ತು, ಬಣ್ಣವೂ ಮಾಸಿರಲಿಲ್ಲ. ಅದಕ್ಕೆ 60 ಯೂರೋ. ಇನ್ನೊಂದರ ಮೊಣಕೈಯಲ್ಲಿ ತೇಪೆ, ಆ ತೇಪೆಯ ಮೇಲೆ ಮತ್ತೊಂದು ತೇಪೆ. ಹೆಗಲು ಬೆಳ್ಳಗಾಗಿತ್ತು. ಅದಕ್ಕೆ 300 ಯೂರೋ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 23 ಸಾವಿರ ರೂಪಾಯಿ. ಬೆಲೆಚೀಟಿ ಅದಲುಬದಲಾಗಿರಬೇಕೆಂದು ಕೇಳಿದೆ. ಅಂಗಡಿಯಾತ ನಕ್ಕು, “ಇಲ್ಲ, ತೇಪೆಗೇ ಈ ಬೆಲೆ” ಎಂದ.

ಅವನ ಮಾತಿನಲ್ಲಿ ತರ್ಕವಿತ್ತು. ಕೆಲಸದ ಬಟ್ಟೆಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಮದುವೆಯ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಾರೆ, ದುಡಿಮೆಯ ಬಟ್ಟೆಯನ್ನು ಸವೆಯುವ ತನಕ ತೊಡುತ್ತಾರೆ. ಆದ್ದರಿಂದ ಹಳೆಯ ಕೋಟುಗಳಲ್ಲಿ ಉಳಿದುಕೊಂಡದ್ದು ಬಹುಮಟ್ಟಿಗೆ ಎರಡೇ ಬಗೆ. ಅಂಗಡಿಯಲ್ಲಿ ಮಾರಾಟವಾಗದೆ ಬಿದ್ದಿದ್ದು ಒಂದು, ಮನೆಯಲ್ಲಿ ಯಾರೋ ಮತ್ತೆ ಮತ್ತೆ ಹೊಲಿದು ಕಾಪಾಡಿದ್ದು ಇನ್ನೊಂದು. ಆ ‘ಯಾರೋ’ ಹೆಚ್ಚಾಗಿ ಹೆಂಡತಿಯೋ ತಾಯಿಯೋ ಆಗಿರುತ್ತಾಳೆ. ಅಂಗಡಿಯ ಚೀಟಿಯಲ್ಲಿ ಕಂಪನಿಯ ಹೆಸರಿರುತ್ತದೆ, ದಶಕವಿರುತ್ತದೆ, ಬಟ್ಟೆಯ ಜಾತಿಯಿರುತ್ತದೆ. ತೊಟ್ಟವನ ಹೆಸರಿಲ್ಲ, ಹೊಲಿದವಳ ಹೆಸರಂತೂ ಇಲ್ಲವೇ ಇಲ್ಲ.

ತೊಟ್ಟವರು ಯಾರು? ಕೋಟಿನ ಜಾಹೀರಾತುಗಳಲ್ಲಿ ಕಾಣುವುದು ಒಬ್ಬನೇ ಮನುಷ್ಯ. ತಲೆಗೆ ಬೆರೆ ಟೋಪಿ, ಬಾಯಲ್ಲಿ ಸಿಗರೇಟು, ಬಿಳಿಯ ಫ್ರೆಂಚ್ ಮುಖ. 1936ರಲ್ಲಿ ಕಾರ್ಖಾನೆಗಳೊಳಗೇ ಕೂತು ಮುಷ್ಕರ ಹೂಡಿ ವಾರಕ್ಕೆ 40 ಗಂಟೆಯ ದುಡಿಮೆಯನ್ನೂ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನೂ ಪಡೆದ ಕಾರ್ಮಿಕರನ್ನು ನೆನೆದರೆ ಆ ಚಿತ್ರ ಸುಳ್ಳಲ್ಲ. ಆದರೆ ಅದು ಅರ್ಧ ಚಿತ್ರ. ಎರಡನೆಯ ಮಹಾಯುದ್ಧದ ನಂತರ ಅಲ್ಜೀರಿಯಾ, ಮೊರಾಕ್ಕೊಗಳಿಂದ ಹೋದವರು ಸಾವಿರ ಸಾವಿರ ಸಂಖ್ಯೆಯಲ್ಲಿ ಇದೇ ನೀಲಿ ತೊಟ್ಟು ಕಾರು ಜೋಡಿಸಿದರು. ಪ್ಯಾರಿಸ್ ಪಕ್ಕದ ಬಿಲ್ಯಾಂಕೂರಿನ ರೆನೋ ಕಾರ್ಖಾನೆಯಲ್ಲಿ 1970ರ ದಶಕದಲ್ಲಿ ಕಾರ್ಮಿಕರ ಬೇಡಿಕೆಯಂತೆ ನಮಾಝಿಗೆ ಕೋಣೆಯೂ ಸಿಕ್ಕಿತು. ರೊಬೇರ್ ಲಿನ್ಹಾರ್ ಎಂಬ ವಿದ್ವಾಂಸ 1968ರಲ್ಲಿ ಸಿತ್ರೊಯೆನ್ ಕಾರ್ಖಾನೆಗೆ ಸಾಮಾನ್ಯ ಕಾರ್ಮಿಕನಾಗಿ ಸೇರಿ, 1978ರಲ್ಲಿ ಆ ಅನುಭವವನ್ನು ಪುಸ್ತಕವಾಗಿಸಿದರು. ಕಾರ್ಮಿಕರ ದರ್ಜೆಯನ್ನು ಅಲ್ಲಿ ಕೈಯ ಕೆಲಸ ನೋಡಿ ಕೊಡುತ್ತಿರಲಿಲ್ಲ, ಹುಟ್ಟಿದ ನಾಡು ನೋಡಿ ಕೊಡುತ್ತಿದ್ದರು ಎಂಬುದನ್ನು ಅವರು ದಾಖಲಿಸಿದ್ದಾರೆ. 1982ರಲ್ಲಿ ಓಲ್ನೇ ಮತ್ತು ಪ್ವಾಸಿಯ ಕಾರು ಕಾರ್ಖಾನೆಗಳಲ್ಲಿ ದೊಡ್ಡ ಮುಷ್ಕರಗಳು ನಡೆದವು. ಮುಂದೆ ನಿಂತವರಲ್ಲಿ ಹೆಚ್ಚಿನವರು ಇಂತಹ ವಲಸಿಗರೇ. ಸಂತೆಯಲ್ಲಿ ತೂಗುವ ಕೋಟುಗಳಲ್ಲಿ ಅವರ ಕೋಟುಗಳೂ ಇರಲೇಬೇಕಲ್ಲ?

ಈ ಕೋಟನ್ನು ಶ್ರೀಮಂತರ ನಡುವೆ ನಿಸ್ಸಂಕೋಚವಾಗಿ ತೊಟ್ಟ ಒಬ್ಬರ ಮೇಲೆ ನನಗೆ ಗೌರವವಿದೆ. ಅವರು ನ್ಯೂಯಾರ್ಕ್ ಟೈಮ್ಸ್‌ನ ಛಾಯಾಗ್ರಾಹಕ ಬಿಲ್ ಕನಿಂಗ್‌ಹ್ಯಾಮ್. ದಶಕಗಳ ಕಾಲ ಸೈಕಲ್ ತುಳಿಯುತ್ತಾ ಇತರರ ಉಡುಗೆಯ ಚಿತ್ರ ತೆಗೆದ ಅವರು ತಾವು ಮಾತ್ರ ಈ ನೀಲಿ ಕೋಟಿನಲ್ಲೇ ಇರುತ್ತಿದ್ದರು. ಅಗ್ಗ, ಜೇಬು ಬೇಕಾದಷ್ಟು, ಕ್ಯಾಮೆರಾ ಉಜ್ಜಿದರೂ ಬಾಳಿಕೆ ಬರುತ್ತದೆ. 2016ರಲ್ಲಿ ತೀರಿಕೊಂಡಾಗ ಅವರಿಗೆ 87 ವರ್ಷ. ಅವರ ಕೋಟು ಅಲಂಕಾರವಾಗಿರಲಿಲ್ಲ, ಕೆಲಸದ ಬಟ್ಟೆಯೇ ಆಗಿತ್ತು.

ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೂ ಒಂದು ನೀಲಿಯ ಪರಿಚಯವಿದೆ. ನನ್ನ ಅಬ್ಬ 17 ವರ್ಷ ಗಲ್ಫಿನ ಒಂದು ಹಡಗು ರಿಪೇರಿ ಕೇಂದ್ರದಲ್ಲಿ ದುಡಿದರು. ಅಲ್ಲಿ ಅವರು ತೊಡುತ್ತಿದ್ದುದು ನೀಲಿ ಬಾಯ್ಲರ್ ಸೂಟ್. ರಜೆಯಲ್ಲಿ ಬರುವಾಗ ಇಸ್ತ್ರಿ ಹಾಕಿದ ಬಿಳಿ ಅಂಗಿ, ಅತ್ತರಿನ ಪರಿಮಳ. ಕಳಿಸಿದ ಫೋಟೋಗಳಲ್ಲೂ ಬಿಳಿ ಅಂಗಿ, ಕಪ್ಪು ಕನ್ನಡಕ, ಹಿಂದೆ ಯಾರದೋ ಕಾರು. ನೀಲಿ ನಮ್ಮ ಮನೆಗೆ ಬಂದದ್ದು ಒಮ್ಮೆ ಮಾತ್ರ. ಕೆಲಸ ಮುಗಿಸಿ ಮರಳಿದಾಗ ಪೆಟ್ಟಿಗೆಯಲ್ಲಿ ಗಾಜಿನ ಲೋಟಗಳು ಒಡೆಯದಿರಲೆಂದು ಸುತ್ತಿದ್ದರು. ಲೋಟಗಳನ್ನು ಎತ್ತಿಟ್ಟ ಉಮ್ಮ ಬಟ್ಟೆಯನ್ನು ಬಿಡಿಸಿ ನೋಡಿದರು. ಬೆನ್ನಿನಲ್ಲಿ ಬೆವರಿನ ಉಪ್ಪು ಬಿಳಿ ಗೆರೆ ಎಳೆದಿತ್ತು. ತೋಳಿನ ಮೇಲೆ ವೆಲ್ಡಿಂಗಿನ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ತೂತುಗಳು.

“ಇದೆಲ್ಲ ಮೈಗೂ ತಾಗುತ್ತಿತ್ತಾ?” ಎಂದು ಉಮ್ಮ ಕೇಳಿದರು.

“ಅದೆಲ್ಲ ಯಾಕೆ ಈಗ?” ಎಂದು ಅಬ್ಬ ಮಾತು ಬದಲಿಸಿದರು.

ಕೆಲವು ದಿನಗಳಲ್ಲಿ ಅದು ತುಂಡಾಗಿ ಅಡುಗೆಮನೆಯ ಮಸಿಬಟ್ಟೆಯಾಯಿತು. ಬಿಸಿ ಪಾತ್ರೆ ಇಳಿಸಲು ಅಷ್ಟು ಗಟ್ಟಿ ಬಟ್ಟೆ ಬೇರೆ ಇರಲಿಲ್ಲ ಎಂದು ಉಮ್ಮ ಈಗಲೂ ಹೇಳುತ್ತಾರೆ. ಅಬ್ಬ ಈಗಿಲ್ಲ. ನಮ್ಮ ಬಳಿ ಉಳಿದಿರುವುದು ಬಿಳಿ ಅಂಗಿಯ ಫೋಟೋಗಳು. 17 ವರ್ಷಗಳ ಸಾಕ್ಷಿಯಾಗಿದ್ದ ಬಟ್ಟೆ ಉಳಿದಿಲ್ಲ.

ಆದ್ದರಿಂದಲೇ ಸಂಗ್ರಾಹಕರನ್ನು ಸುಮ್ಮನೆ ಗೇಲಿ ಮಾಡಲು ನನಗೆ ಮನಸ್ಸಾಗುವುದಿಲ್ಲ. ಕಾರ್ಖಾನೆಗಳ ಚರಿತ್ರೆಯಲ್ಲಿ ಮಾಲೀಕರ ಭಾವಚಿತ್ರಗಳಿಗೆ ಜಾಗವಿದೆ, ಯಂತ್ರಗಳಿಗೂ ಇದೆ. ದುಡಿದವನ ಮೈಯ ಆಕಾರವನ್ನು ಉಳಿಸಿಕೊಂಡಿರುವುದು ಈ ಕೋಟುಗಳೇ. ಹಣದ ಆಸೆಯಿಂದಲೋ ಷೋಕಿಯಿಂದಲೋ, ಅಂತೂ ಅವುಗಳನ್ನು ಚಿಂದಿಯಾಗದಂತೆ ಉಳಿಸಿದವರು ಅವರು. ನನ್ನ ತಕರಾರು ಇಷ್ಟೇ. ಸವೆದ ಹೆಗಲಿಗೆ 300 ಯೂರೋ ಕೊಡುವ ಜಗತ್ತು, ಆ ಹೆಗಲು ಸವೆಯುತ್ತಿದ್ದಾಗ ಅದಕ್ಕೆ ಎಷ್ಟು ಕೊಟ್ಟಿತು ಎಂದೂ ಕೇಳಬೇಕು. ಇಂದಿಗೂ ಅದೇ ನೀಲಿ ತೊಟ್ಟು ಗಲ್ಫಿನ ಬಿಸಿಲಿನಲ್ಲಿ ಕಬ್ಬಿಣ ಬಾಗಿಸುತ್ತಿರುವವರು ಇದ್ದಾರೆ. ಅವರ ಬಟ್ಟೆ ಹಳೆಯದಾಗುವ ತನಕ ಕಾಯದೆ, ಈಗಲೇ ಅದನ್ನು ನೋಡಲು ನಮಗೆ ಸಾಧ್ಯವಾಗಬೇಕು.