ನೋವನ್ನು ನುಡಿಯುವುದೂ ಧರ್ಮವೇ

ಮಾಚೇನಹಳ್ಳಿಯ ನಮ್ಮ ಭಾವನವರು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕಾವಿನೆದುರು ಆಯುಷ್ಯ ಸವೆಸಿದವರು. ಮೈಗೆ ಕಿಡಿ ಹಾರಿದರೂ ಅಯ್ಯೋ ಎಂದವರಲ್ಲ. ಅವರಿಗೆ ಜಠರದ ಕ್ಯಾನ್ಸರ್ ಎಂದು ತಿಳಿದು ಶಸ್ತ್ರಚಿಕಿತ್ಸೆಯಾದಾಗ, ಬಳಿಯಲ್ಲಿರುವ ಹೊಣೆ ನಮ್ಮ ಪಾಲಿಗೆ ಬಂದಿತು.

ಮರುದಿನ ದಾದಿಯು, "ಅಜ್ಜಾ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ?" ಎಂದು ಕೇಳಿದಳು. ಭಾವನವರು ಎರಡು ಬೆರಳು ತೋರಿಸಿದರು. ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿತ್ತು. ನಾವು ಕಂಡೂ ಸುಮ್ಮನಿದ್ದೆವು. ಅಷ್ಟೇ ಅಲ್ಲ, "ಶಿವನಾಮ ಸ್ಮರಿಸಿ ಸಹಿಸಿಕೊಳ್ಳಿ ಭಾವ, ಅಮಲಿನ ಔಷಧದ ಗೊಡವೆ ಬೇಡ" ಎಂದು ಉಪದೇಶವನ್ನೂ ಮಾಡಿದೆವು. ಪಕ್ಕದ ಹಾಸಿಗೆಯ ತರುಣನು ಮತ್ತೆ ಮತ್ತೆ ಔಷಧ ಬೇಡುವುದನ್ನು ಕಂಡು ಅವನನ್ನು ಅಧೀರನೆಂದು ಎಣಿಸಿದೆವು.

ಮೂರನೆಯ ದಿನ ಭಾವನವರಿಗೆ ಜ್ವರವೇರಿ ಏದುಸಿರು ಬಂದಿತು. ಅರಿವಳಿಕೆ ತಜ್ಞರು ಪರೀಕ್ಷಿಸಿ ನಮ್ಮನ್ನು ಹೊರಗೆ ಕರೆದರು. "ಶಾಸ್ತ್ರಿಗಳೇ, ಹೊಟ್ಟೆಯ ಮೇಲ್ಭಾಗದ ಗಾಯವು ಪ್ರತಿ ಉಸಿರಿಗೂ ಎಳೆಯುತ್ತದೆ. ನೋವಿಗೆ ಅಂಜಿ ಇವರು ಆಳವಾಗಿ ಉಸಿರಾಡಿಲ್ಲ, ಕೆಮ್ಮಿಲ್ಲ. ಕಫ ಕಟ್ಟಿದೆ. ಹೀಗೆ ಮಲಗಿಯೇ ಇದ್ದರೆ ಕಾಲಿನ ರಕ್ತವೂ ಹೆಪ್ಪುಗಟ್ಟಬಹುದು" ಎಂದರು.

ಆ ತರುಣನ ವಿಷಯ ಕೇಳಿದಾಗ ಅವರು ಹೇಳಿದ ಮಾತು ನಮ್ಮ ಕಣ್ಣು ತೆರೆಸಿತು. ನೋವಿನ ಔಷಧ ಎಲ್ಲರಿಗೂ ಒಂದೇ ಅಳತೆಯದಲ್ಲ. ವೃದ್ಧರಿಗೆ ಸಾಮಾನ್ಯವಾಗಿ ಕಡಿಮೆ ಸಾಕು; ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಎಚ್ಚರ ಬೇಕು. ತರುಣರಿಗೆ, ಮೊದಲೇ ನೋವಿನಿಂದ ಬಳಲಿದವರಿಗೆ, ಬಹುಕಾಲ ಮಾರ್ಫಿನ್ ಜಾತಿಯ ಔಷಧ ಸೇವಿಸಿದವರಿಗೆ, ಭಯ ಮತ್ತು ನಿದ್ರಾಹೀನತೆ ಇದ್ದವರಿಗೆ ಹೆಚ್ಚು ಬೇಕಾಗಬಹುದು. ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಗಿಂತ ಉದ್ದನೆಯ ಗಾಯದ ನೋವು ಅಧಿಕ. ಬೆನ್ನಿನಲ್ಲಿ ಸಣ್ಣ ನಳಿಗೆಯಿಟ್ಟು ಮದ್ದು ಹರಿಸಿದರೆ ಚುಚ್ಚುಮದ್ದಿನ ಅಗತ್ಯ ತಗ್ಗುತ್ತದೆ.

ವೈದ್ಯರ ನಿಗಾದಲ್ಲಿ ಕೆಲವು ದಿನ ಕೊಡುವ ಔಷಧದಿಂದ ಚಟ ಹತ್ತುವುದು ವಿರಳ. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಮಾರ್ಫಿನ್ ನಮ್ಮ ದೇಶದ ರೋಗಿಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಅದನ್ನು ಸಡಿಲಿಸಿತು. ಆದರೆ ನಮ್ಮ ಮನದ ಅಂಜಿಕೆಯನ್ನು ಯಾವ ತಿದ್ದುಪಡಿ ಸಡಿಲಿಸೀತು?

ಔಷಧ ಸರಿಹೊಂದಿದ ಮೇಲೆ ಭಾವನವರು ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿದರು, ನಮ್ಮ ಹೆಗಲು ಹಿಡಿದು ನಾಲ್ಕು ಹೆಜ್ಜೆ ನಡೆದರು. ಜ್ವರ ಇಳಿಯಿತು. ಒಂದು ಮುಂಜಾನೆ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು, "ಇಷ್ಟು ದಿನ ನೋವೇ ಕಾಣುತ್ತಿತ್ತಯ್ಯ, ಲಿಂಗ ಕಾಣಲಿಲ್ಲ" ಎಂದರು. ನಾವು ತಲೆತಗ್ಗಿಸಿದೆವು.

ಶರಣ ಬಂಧುಗಳೇ, ಮನೆಯಲ್ಲಿ ಯಾರಿಗಾದರೂ ಇಂಥ ಪ್ರಸಂಗ ಬಂದರೆ, ಮೊದಲು ತೆಗೆದುಕೊಂಡ ಔಷಧ, ಇತರ ಕಾಯಿಲೆ, ಮನದ ಭಯ ಎಲ್ಲವನ್ನೂ ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಿರಿ. ಔಷಧದಿಂದ ವಾಂತಿ, ಮಲಬದ್ಧತೆ ಆದರೂ ಹೇಳಿರಿ. ಅತಿಯಾದ ಮಂಪರು, ನಿಧಾನವಾದ ಉಸಿರು ಕಂಡರೆ ತಕ್ಷಣ ದಾದಿಯನ್ನು ಕರೆಯಿರಿ. ಒಬ್ಬರ ನೋವನ್ನು ಮತ್ತೊಬ್ಬರ ತಕ್ಕಡಿಯಲ್ಲಿ ತೂಗಬೇಡಿರಿ. ದಯೆಯನ್ನೇ ಧರ್ಮದ ಮೂಲವೆಂದು ನಂಬಿದ ನಾವು ರೋಗಿಯ ಮೌನವನ್ನು ಭಕ್ತಿಯೆಂದು ಭಾವಿಸುವುದು ತರವಲ್ಲ.