ಮೊದಲ ತುತ್ತು

ಪ್ರೀತಿಯ ಬಗ್ಗೆ ಮಾತನಾಡುವುದು ಸುಲಭ. ಭಾನುವಾರದ ಆರಾಧನೆಯಲ್ಲಿ ಅದನ್ನು ಹಾಡುವುದು ಇನ್ನೂ ಸುಲಭ. ಸೋಮವಾರ ಬೆಳಿಗ್ಗೆ ನೀರು ತುಂಬಿ, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸುವ ಗಡಿಬಿಡಿಯಲ್ಲಿ ಆ ಪ್ರೀತಿ ಎಲ್ಲಿರುತ್ತದೆ ಎಂಬುದೇ ಪ್ರಶ್ನೆ. ಕ್ರಿಸ್ತನು ತನ್ನ ಶಿಷ್ಯರಿಂದ ಪ್ರೀತಿಯ ಗುರುತಾಗಿ ಕೇಳಿದ್ದು ಸವಿಮಾತುಗಳನ್ನಲ್ಲ, ವಿಧೇಯತೆಯನ್ನು.

ವಿಧೇಯತೆ ಎಂದೊಡನೆ ನಮ್ಮ ಹೆಣ್ಣುಮಕ್ಕಳಿಗೆ ಸ್ವಲ್ಪ ಅಳುಕು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು, ಮೈಯಲ್ಲಿ ಜ್ವರವಿದ್ದರೂ ಹೇಳದಿರುವುದು, ತಲೆ ಸುತ್ತಿದರೆ ಗೋಡೆ ಹಿಡಿದು ನಿಂತು ಮತ್ತೆ ಕೆಲಸಕ್ಕೆ ತೊಡಗುವುದು, ಇದನ್ನೇ ನಾವು ವಿಧೇಯತೆ ಎಂದು ನಂಬಿ ಬಂದವರು. ಆ ಮಾತಿಗೆ ಬೇರೊಂದು ಅರ್ಥವಿದೆ ಎಂದು ನನಗೆ ತೋರಿಸಿಕೊಟ್ಟವರು ಮುಡಬಿಯ ನನ್ನ ಅತ್ತೆ.

ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ಸಭಾಪಾಲಕರು ಓದಿದ್ದನ್ನು ಕೇಳಿ ಕೇಳಿ ಅರ್ಧ ಸುವಾರ್ತೆ ಅವರಿಗೆ ಬಾಯಿಪಾಠವಾಗಿತ್ತು. ನನ್ನ ನೆಗೆಣ್ಣಿ ಬಸುರಿದ್ದಾಗ ತಪಾಸಣೆ ಮಾಡಿದ ಸಿಸ್ಟರ್, ರಕ್ತದಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರ ಇದೆ ಎಂದರು. ಬಸುರಿಗೆ ಕನಿಷ್ಠ 11 ಇರಬೇಕು. ಕಬ್ಬಿಣಾಂಶದ ಗುಳಿಗೆ ತಪ್ಪಿಸಬಾರದು, ಅದನ್ನು ಚಹಾದ ಜೊತೆ ನುಂಗಬಾರದು, ಊಟದ ಬೆನ್ನಿಗೇ ಚಹಾ ಕುಡಿಯಬಾರದು, ಸೊಪ್ಪು-ಬೇಳೆಯ ಜೊತೆ ನಿಂಬೆರಸವಿರಲಿ ಎಂದು ತಿಳಿಸಿ ಹೇಳಿದರು. ಆ ಹುಡುಗಿಗೆ ನಮ್ಮ ಅತ್ತೆಯ ಮೊಮ್ಮಗಳ ವಯಸ್ಸು. ಅತ್ತೆ ಕೈಕಟ್ಟಿ ನಿಂತು ಕೇಳಿದರು.

ಅಂದು ರಾತ್ರಿ ಗಂಡಸರ ತಾಟಿಗಿಂತ ಮೊದಲು ನೆಗೆಣ್ಣಿಯ ತಾಟು ಬಂತು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿ. ಮಾವ ಹುಬ್ಬು ಏರಿಸಿದರು.

"ಹೊಲದಾಗ ದುಡಿದು ಬಂದೋರು ಕೂತೀವಿ, ಈಕೀಗಿ ಮೊದಲು?"

"ನೀವು ಒಂದು ಜೀವಕ್ಕ ಉಣ್ತೀರಿ, ಆಕಿ ಎರಡಕ್ಕ ಉಣಬೇಕು," ಎಂದರು ಅತ್ತೆ. "ಮೈ ಅಂದ್ರ ದೇವರ ಗುಡಿ ಅಂತ ಕೇಳಿಕೋತ ಬಂದೀವಿ. ಗುಡಿ ಬೀಳಾಕತ್ತಿದ್ರ ಹಾಡು ಹಾಡಿಕೋತ ಕೂಡೂದೇನ್ರಿ?"

ಮಾವ ಮರುಮಾತಾಡಲಿಲ್ಲ. ಆದರೆ ಎರಡು ದಿನ ಅತ್ತೆಯ ಜೊತೆಗೂ ಮಾತಾಡಲಿಲ್ಲ. ಅತ್ತೆ ಸೋಲಲಿಲ್ಲ. ಅವರಿಗೇ ಸಕ್ಕರೆ ಕಾಯಿಲೆ. ಸೊಸೆಗೆ ನಿಯಮ ಹೇಳುವವಳು ತಾನು ತಪ್ಪಬಾರದೆಂದು ಅಂದಿನಿಂದ ತಮ್ಮ ಬಟ್ಟಲಿನ ಚಹಾಕ್ಕೆ ಸಕ್ಕರೆ ನಿಲ್ಲಿಸಿದರು. ಸಂಜೆ ನೆಗೆಣ್ಣಿಯನ್ನು ಕರೆದುಕೊಂಡು ನಿಧಾನವಾಗಿ ಊರ ಹೊರಗಿನವರೆಗೆ ನಡೆದು ಬರತೊಡಗಿದರು. ಗುಳಿಗೆಯ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೆರೆ. ತಿಂಗಳುಗಳು ಕಳೆದಂತೆ 8 ಇದ್ದದ್ದು 10 ದಾಟಿತು, ಹೆರಿಗೆ ಸುಸೂತ್ರವಾಯಿತು. ಇದನ್ನು ಪವಾಡ ಎಂದು ನಾನು ಹೇಳುವುದಿಲ್ಲ. ದಿನದಿನವೂ ತಪ್ಪದೆ ಮಾಡಿದ ಸಣ್ಣ ಕೆಲಸಗಳ ಫಲ ಅದು.

ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1747ರಲ್ಲಿ ಬಡವರಿಗಾಗಿ ಮನೆಮದ್ದಿನ ಒಂದು ಪುಸ್ತಕ ಪ್ರಕಟಿಸಿದರು. ಮಿತವಾದ ಊಟ, ದಿನವೂ ನಡಿಗೆ, ಬೇಗ ಮಲಗಿ ಬೇಗ ಏಳುವುದು, ಇವೂ ಅವರ ಉಪದೇಶದಲ್ಲಿದ್ದವು. 1746ರಲ್ಲಿ ಅವರು ಚಹಾ ಬಿಟ್ಟು, ಉಳಿದ ಹಣ ಬಡವರಿಗೆ ಹೋಗಲಿ ಎಂದರು. ಮುಂದೆ ವೈದ್ಯರು ಕುಡಿಯಿರಿ ಎಂದಾಗ ಮತ್ತೆ ಕುಡಿದರು. ಬಿಡುವುದರಲ್ಲಿ ಮಾತ್ರವಲ್ಲ, ತಿಳಿದವರ ಮಾತಿಗೆ ಹಟ ಸಡಿಲಿಸುವುದರಲ್ಲಿಯೂ ವಿಧೇಯತೆ ಇದೆ.

ಅಷ್ಟು ದೂರವೇಕೆ, ನಮ್ಮ ಬಸವಕಲ್ಯಾಣದ ನೆಲದಲ್ಲೇ 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆಯಿದೆ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಿರುಗಿ ಸುರಿದು ಬಾ ಎಂದಳು ಆಕೆ. ಅವನು ಹಾಗೆಯೇ ಮಾಡಿದ. ಸರಿಯಾದ ಮಾತು ಯಾರ ಬಾಯಿಂದ ಬಂದರೂ ಅದಕ್ಕೆ ತಲೆಬಾಗುವವರು ಚಿಕ್ಕವರಾಗುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ನೂರು ಮನೆಗಳ ಅಡುಗೆಕೋಣೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಕಡೆ ಬಡಿಸುವ ಕೈಯಲ್ಲೇ ಬಲವಿಲ್ಲ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯಲ್ಲಿ 'ನಿನ್ನಂತೆಯೇ' ಎಂಬ ಮಾತೂ ಇದೆ. ಅದನ್ನು ಮರೆತು ಸವೆದುಹೋಗುವ ತಾಯಿ ಮಗಳಿಗೆ ಕಲಿಸುವುದೂ ಸವೆಯುವುದನ್ನೇ.

ಅತ್ತೆ ಈಗಿಲ್ಲ. ಅವರು ಹಾಕಿದ ಪದ್ಧತಿ ಇದೆ. ನಮ್ಮ ಮನೆಯಲ್ಲಿ ಯಾರ ಮೈಯಲ್ಲಿ ಶಕ್ತಿ ಕಡಿಮೆಯೋ ಅವರಿಗೆ ಮೊದಲ ತುತ್ತು. ಅದು ಮುದುಕರಾಗಲಿ, ಕೂಸಾಗಲಿ, ಬಾಣಂತಿಯಾಗಲಿ. ಉಳಿದವರು ಒಟ್ಟಿಗೆ ಕೂಡುತ್ತೇವೆ, ಬಡಿಸುವವಳೂ ಕೂಡುತ್ತಾಳೆ. ಊಟಕ್ಕೆ ಮುಂಚಿನ ಪ್ರಾರ್ಥನೆ ಚಿಕ್ಕದು. ರೊಟ್ಟಿ ಆರಬಾರದಲ್ಲ.